ಮಿರಜದಲ್ಲಿ ಗಾಡಿ ಬದಲಿಸಬೇಕು

ಹೋದ ತಿಂಗಳು ತಂಗಿಯ ಮಗ ಹಡಗಿನ ಪ್ರವಾಸ ಮುಗಿಸಿ ಬಂದ. ಒಂದು ಹಡಗಿನಲ್ಲಿ ನಾಲ್ಕು ದಿನ, ಬಂದರಿನಲ್ಲಿ ಅದನ್ನು ಬಿಟ್ಟು ಅದೇ ದಿನ ಇನ್ನೊಂದು ಹಡಗು ಹತ್ತಿ ಮತ್ತೆ ಐದು ದಿನ. "ಮಾಮಾ, ಪೆಟ್ಟಿಗಿಗೆ ಚೀಟಿ ಕಟ್ಟಿ ರಾತ್ರಿ ಬಾಗಲಾ ಹೊರಗ ಇಟ್ಟರ ಆತು. ಮುಂಜಾನೆ ಬಂದರಿನ ಶೆಡ್ಡಿನಾಗ ಸಿಗತಾವ. ಎರಡನೇ ಹಡಗಿನವರ ಕೈಯಾಗ ಕೊಟ್ಟರ ಸಂಜಿಗೆ ನಮ್ಮ ಖೋಲಿ ಮುಂದ ಹಾಜರ್!" ಎಂದು ಬಹಳ ಹುರುಪಿನಿಂದ ಹೇಳಿದ.

"ನಾವೂ ಇದನ್ನೆಲ್ಲಾ ಮಾಡೇವಪ್ಪಾ, ಮಿರಜದಾಗ" ಅಂದೆ. ಅವನಿಗೆ ತಿಳಿಯಲಿಲ್ಲ. ಅವನ ವಯಸ್ಸಿನವರಿಗೆ ಮಿರಜ ಅಂದರೆ ನಿದ್ದೆಯಲ್ಲಿ ದಾಟಿ ಹೋಗುವ ಒಂದು ಸ್ಟೇಷನ್. ಪುಣೆಯಲ್ಲಿರುವ ನನ್ನ ವಾರಿಗೆಯ ಕನ್ನಡದವರನ್ನು ಕೇಳಿ ನೋಡಿ, ಮಿರಜ ಅಂದ ಕೂಡಲೇ ಕೈ ತಾನಾಗಿಯೇ ಟ್ರಂಕಿನ ಹಿಡಿಕೆ ಹುಡುಕುತ್ತದೆ.

ಗಾಡಿ ಬದಲಿಸುವ ಕಷ್ಟ ಪುಣೆಗೆ ರೈಲಿನಷ್ಟೇ ಹಳೆಯದು. ಖಂಡಾಳಾದಿಂದ ಪುಣೆಯವರೆಗಿನ ಹಳಿ ಶುರುವಾದದ್ದು 1858ರಲ್ಲಿ. ಮುಂಬಯಿ ಕಡೆಯ ಹಳಿ ಘಾಟಿನ ಬುಡದ ಖೋಪೋಲಿಯವರೆಗೆ ಬಂದು ನಿಂತಿತ್ತು. ನಡುವೆ ಬೋರ್ ಘಾಟು. ಅದನ್ನು ಕಡಿದು ಹಳಿ ಹಾಕಿದ್ದು 1863ಕ್ಕೆ. ಅಷ್ಟು ವರ್ಷ ಜನ ಖೋಪೋಲಿಯಲ್ಲಿ ರೈಲಿನಿಂದ ಇಳಿದು, ಪಲ್ಲಕ್ಕಿಯಲ್ಲೋ ತಟ್ಟುವಿನ ಮೇಲೋ ಎತ್ತಿನ ಗಾಡಿಯಲ್ಲೋ ಘಾಟು ಹತ್ತಿ, ಖಂಡಾಳಾದಲ್ಲಿ ಮತ್ತೊಂದು ರೈಲು ಹಿಡಿಯುತ್ತಿದ್ದರು. (ಅವರ ಟ್ರಂಕು ಹೊತ್ತು ಘಾಟು ಹತ್ತಿದವರನ್ನು ನೆನೆಸಿಕೊಳ್ಳಿ!) ಆದರೆ ಅದು ಬೆಟ್ಟ ಅಡ್ಡ ಬಂದ ಕಾರಣಕ್ಕೆ. ನಮ್ಮ ಕಷ್ಟಕ್ಕೆ ಬೆಟ್ಟ ಕಾರಣವಲ್ಲ, ಹಳಿಯ ಅಗಲ ಕಾರಣ.

ಮುಂಬಯಿಯ ಜಿಐಪಿ ಕಂಪನಿ ಹಾಕಿದ್ದು ಐದೂವರೆ ಅಡಿ ಅಗಲದ ಹಳಿ. ಅದು ದುಬಾರಿ ಆಯಿತೆಂದು 1870ರಲ್ಲಿ ಲಾರ್ಡ್ ಮೇಯೋ ಕಾಲದಲ್ಲಿ ಸರ್ಕಾರ ಒಂದು ಮೀಟರ್ ಅಗಲದ ಅಗ್ಗದ ಹಳಿಯನ್ನು ಆರಿಸಿಕೊಂಡಿತು. ಮುಂದೆ 1876ರಿಂದ 78ರವರೆಗೆ ದೊಡ್ಡ ಬರ ಬಿತ್ತು. ವಿಜಾಪುರ, ಧಾರವಾಡ, ಬಳ್ಳಾರಿ ಸೀಮೆಗಳಲ್ಲಿ ಜನ ಹಸಿವಿನಿಂದ ಸತ್ತರು. ಬರದ ನಾಡಿಗೆ ಕಾಳು ಮುಟ್ಟಿಸಲು ರೈಲು ಬೇಕೆಂದು ಆಮೇಲೆ ಹುಟ್ಟಿದ್ದು ಸದರ್ನ್ ಮರಾಠಾ ರೈಲ್ವೆ, 1882ರಲ್ಲಿ. ಬರಗಾಲದ ರೈಲಿಗೆ ದೊಡ್ಡ ಹಳಿ ಯಾರು ಹಾಕುತ್ತಾರೆ? ಮೀಟರ್‌ಗೇಜ್ ಬಂತು. 1890ರ ಹೊತ್ತಿಗೆ ಬೆಂಗಳೂರು, ಹುಬ್ಬಳ್ಳಿ, ಧಾರವಾಡ, ಲೋಂಡಾ, ಬೆಳಗಾವಿ, ಮಿರಜ, ಕರಾಡ ಎಲ್ಲವನ್ನೂ ಪೋಣಿಸಿದ ಒಂದೇ ದಾರ ಪುಣೆಗೆ ಬಂದು ಮುಟ್ಟಿತು. 1908ರಲ್ಲಿ ಈ ಕಂಪನಿ ಮದ್ರಾಸ್ ರೈಲ್ವೆ ಜೊತೆ ಸೇರಿ ಎಂಎಸ್‌ಎಂ ಆಯಿತು. ನಮ್ಮ ಹಿರಿಯರ ಬಾಯಲ್ಲಿ ಉಳಿದಿದ್ದು ಅದೇ ಹೆಸರು.

ಈಗ ನಕಾಶೆಯನ್ನೊಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಸಣ್ಣ ಹಳಿ ಮುಗಿಯುವುದು ಪುಣೆಯಲ್ಲಿ. ಅಂದರೆ ಧಾರವಾಡದಲ್ಲಿ ಹತ್ತಿದವನು ಪುಣೆಯಲ್ಲಿ ಇಳಿದರಾಯಿತು, ನಡುವೆ ಎಲ್ಲೂ ಏಳಬೇಕಿಲ್ಲ. ಸಾಮಾನು ಹೊತ್ತು ಇನ್ನೊಂದು ಗಾಡಿಗೆ ಓಡುವ ಪಾಡು ಮುಂಬಯಿಗೆ ಹೋಗುವವನದು. ಪುಣೆ ನಮ್ಮ ಹಳಿಯ ಕೊನೆಯ ಊರು. ಆಗ ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲ ಮುಂಬಯಿ ಪ್ರಾಂತ್ಯದೊಳಗೇ ಇದ್ದವು, ಓದಿಗೆ ಪುಣೆಯೇ ದೊಡ್ಡ ಊರು. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿಗೆ ಬಂದದ್ದು ಇದೇ ಕಾಲದಲ್ಲಿ. ಅವರಿಗಿಂತ ಎಷ್ಟೋ ಮೊದಲು, 1880ರ ಆಸುಪಾಸಿನಲ್ಲಿ, ವಿಶ್ವೇಶ್ವರಯ್ಯನವರು ಇಂಜಿನಿಯರಿಂಗ್ ಓದಲು ಪುಣೆಗೆ ಬಂದಾಗ ಈ ಹಳಿ ಹುಟ್ಟಿಯೇ ಇರಲಿಲ್ಲ.

ಸಂಗೀತದವರ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಕಿರಾಣಾದ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಮಿರಜದಲ್ಲಿ. ಅವರ ಶಿಷ್ಯ ಸವಾಯಿ ಗಂಧರ್ವರ ಊರು ಹುಬ್ಬಳ್ಳಿ ಹತ್ತಿರದ ಕುಂದಗೋಳ, ಅವರ ಶಿಷ್ಯ ಗದಗಿನ ಭೀಮಸೇನ ಜೋಶಿ ಕೊನೆಗೆ ಮನೆ ಮಾಡಿದ್ದು ಪುಣೆಯಲ್ಲಿ. ಎಲ್ಲ ಊರೂ ಅದೇ ಸಣ್ಣ ಹಳಿಯ ಮೇಲಿನವು. ಧಾರವಾಡಕ್ಕೆ ಹಿಂದುಸ್ತಾನಿ ಸಂಗೀತ ಹೇಗೆ ಬಂತು ಎಂದು ದೊಡ್ಡ ದೊಡ್ಡ ಲೇಖನ ಬರೆಯುತ್ತಾರೆ. ರೈಲಿನ ಪಾಲನ್ನೂ ಒಂದಿಷ್ಟು ಬರೆದರೆ ಚೆನ್ನಾಗಿತ್ತು.

ನಮ್ಮ ಅಪ್ಪನೂ ಹಾಗೇ ಬಂದವರು, 1943ರಲ್ಲಿ, ಇಂಜಿನಿಯರಿಂಗ್ ಕಾಲೇಜಿಗೆ. ಆಗ ಹುಬ್ಬಳ್ಳಿಯಲ್ಲಿ ಅಂಥ ಕಾಲೇಜು ಇರಲಿಲ್ಲ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು. "ಧಾರವಾಡದಾಗ ಟ್ರಂಕ್ ಬಾಕಿನ ಕೆಳಗ ತಳ್ಳಿದ್ದು, ಪುಣೇದಾಗ ಹೊರಗ ಎಳದದ್ದು. ನಡುವ ಮುಟ್ಟಿಲ್ಲ" ಎಂದು ಸಾಯುವತನಕ ಹೇಳುತ್ತಿದ್ದರು.

ನಾನು ಪಿಂಪರಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಬಂದದ್ದು 1974ರಲ್ಲಿ. ಅಷ್ಟರಲ್ಲಿ ಆಟ ಬದಲಾಗಿತ್ತು. 1971ರಲ್ಲಿ ಪುಣೆಯಿಂದ ಮಿರಜ, ಅಲ್ಲಿಂದ ಕೊಲ್ಹಾಪುರದವರೆಗೆ ದೊಡ್ಡ ಹಳಿ ಬಂತು. ಮುಂಬಯಿಯಿಂದ ಕೊಲ್ಹಾಪುರಕ್ಕೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೇರ ಓಡಿತು. ಅವರಿಗೆ ಒಳ್ಳೆಯದೇ ಆಯಿತು, ಬೇಡ ಅನ್ನುವುದಿಲ್ಲ. ಆದರೆ ಮಿರಜದಿಂದ ಈಚೆಗೆ, ನಮ್ಮ ಕಡೆ, ಸಣ್ಣ ಹಳಿ ಹಾಗೇ ಉಳಿಯಿತು. ಮುಂಬಯಿಯವನು ಪುಣೆಯಲ್ಲಿ ಪಡುತ್ತಿದ್ದ ಪಾಡು 280 ಕಿಲೋಮೀಟರ್ ದಕ್ಷಿಣಕ್ಕೆ ಸರಿದು ನಮ್ಮ ತಲೆಯ ಮೇಲೆ ಬಂದು ಕೂತಿತು. ಪುಣೆ ಮುಂಬಯಿಗೆ ಇನ್ನಷ್ಟು ಹತ್ತಿರವಾಯಿತು, ನಮಗೆ ದೂರವಾಯಿತು. ಪುಣೆಗೂ ಹುಬ್ಬಳ್ಳಿಗೂ ಹೆಚ್ಚೂಕಡಿಮೆ ನಡುಮಧ್ಯದಲ್ಲಿದೆ ಮಿರಜ. ನಿದ್ದೆ ಹತ್ತುವ ಹೊತ್ತಿಗೆ ಸರಿಯಾಗಿ ಏಳಬೇಕು!

ಆ ಸ್ಟೇಷನ್ನಿನ ತಮಾಷೆ ಏನೆಂದರೆ ಅಲ್ಲಿ ಎರಡಲ್ಲ, ಮೂರು ಅಳತೆಯ ಹಳಿ ಇದ್ದವು. ಬಾರ್ಸಿ ಲೈಟ್ ರೈಲ್ವೆಯ ಎರಡೂವರೆ ಅಡಿ ಪುಟಾಣಿ ಹಳಿ ಪಂಢರಪುರದಿಂದ 1927ರಲ್ಲೇ ಬಂದು ಸೇರಿತ್ತು. ಆಷಾಢ ಏಕಾದಶಿಗೆ ವಿಠ್ಠಲನ ದರ್ಶನಕ್ಕೆ ಹೊರಟ ನಮ್ಮ ಕಡೆಯ ಜನ ಇಲ್ಲಿ ಸಣ್ಣ ಗಾಡಿ ಇಳಿದು ಇನ್ನೂ ಸಣ್ಣ ಗಾಡಿ ಹತ್ತುತ್ತಿದ್ದರು. ಗೂಡ್ಸ್ ಕಡೆ ಹೋಗಿ ನೋಡಿದರೆ ಕಟ್ಟೆಯ ಒಂದು ಬದಿ ದೊಡ್ಡ ವ್ಯಾಗನ್ನು, ಇನ್ನೊಂದು ಬದಿ ಸಣ್ಣ ವ್ಯಾಗನ್ನು, ನಡುವೆ ಚೀಲ ಹೊತ್ತ ಹಮಾಲರ ಸಾಲು. ಒಂದರ ಮಾಲು ಇನ್ನೊಂದರಲ್ಲಿ ಪೂರ್ತಿ ಹಿಡಿಸದು. ಒಡೆದದ್ದು, ಸೋರಿದ್ದು, ಕಳುವಾದದ್ದು ಎಲ್ಲಕ್ಕೂ ಲೆಕ್ಕ ಬೇರೆ. ಮೇಯೋ ಕಾಲದಲ್ಲಿ ಉಳಿಸಿದ ದುಡ್ಡನ್ನು ನೂರು ವರ್ಷ ಇಲ್ಲಿ ಬೆನ್ನಿನ ಮೇಲೆ ತೀರಿಸಿದರು ಅಂತ ನನಗನ್ನಿಸುತ್ತದೆ.

ಟಿಕೆಟ್ ಮಾತ್ರ ಒಂದೇ, ಪುಣೆಯಿಂದ ಹುಬ್ಬಳ್ಳಿಗೆ. ಗಾಡಿ ನಿಲ್ಲುವ ಮೊದಲೇ ಕೆಂಪಂಗಿಯ ಹಮಾಲರು ಕಿಟಕಿಗೆ ಜೋತುಬೀಳುತ್ತಿದ್ದರು. ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ನಮ್ಮ ಹೋಲ್ಡಾಲ್. "ಸಾಮಾನ ಎಷ್ಟ ಅದಾವ್ರೀ? ಕಿತೀ ನಗ?" ಅರ್ಧ ಕನ್ನಡ, ಅರ್ಧ ಮರಾಠಿ. ತೋಳಿನ ಬಿಲ್ಲೆಯ ನಂಬರು ನೆನಪಿಟ್ಟುಕೊಳ್ಳುವುದು ನನ್ನ ಹೆಂಡತಿಯ ಕೆಲಸ, ಮಕ್ಕಳ ಕೈ ಹಿಡಿಯುವುದು ನನ್ನದು. ಆಚೆ ಗಾಡಿ ಕಾಯುತ್ತದೆ ಅಂತ ಗೊತ್ತಿದ್ದರೂ ಓಡುತ್ತಿದ್ದೆವು, ರಿಸರ್ವೇಶನ್ ಇಲ್ಲದವರಿಗೆ ಜಾಗ ಹಿಡಿಯುವ ಪೈಪೋಟಿ. ಒಮ್ಮೆ ನೀರಿನ ಫಿರಕಿ ತಂಬಿಗೆ ಪ್ಲಾಟ್‌ಫಾರಂ ಮೇಲೇ ಬಿಟ್ಟು ಬಂದು, ಅವಳ ತವರಿನ ತಂಬಿಗೆ ಎಂದು ಬೆಳಗಾವಿಯತನಕ ಬೈಸಿಕೊಂಡಿದ್ದೇನೆ.

1986ರಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಪುಣೆಯಲ್ಲಿ ಆಪರೇಶನ್ ಎಂದು ನಿರ್ಧಾರವಾಯಿತು. ಬಸ್ಸಿನಲ್ಲಿ ಕೂರುವಂತಿಲ್ಲ, ಮಲಗಿಸಿಯೇ ತರಬೇಕು. ರೈಲೇ ಗತಿ. ಧಾರವಾಡದಲ್ಲಿ ನಾಲ್ಕು ಜನ ಎತ್ತಿ ಬರ್ತಿನ ಮೇಲೆ ಮಲಗಿಸಿದರು. ಮಿರಜದಲ್ಲಿ ರಾತ್ರಿ ಮಳೆ. ನಮ್ಮ ಡಬ್ಬಿ ನಿಂತ ಕಡೆಯಿಂದ ದೊಡ್ಡ ಗಾಡಿಯ ಡಬ್ಬಿಗೆ ಬಹಳ ದೂರ. ಸ್ಟ್ರೆಚರ್ ಹುಡುಕಿಕೊಂಡು ಹೋಗುವಷ್ಟು ಹೊತ್ತಿರಲಿಲ್ಲ. ಮುಪ್ಪಾದ ಹಮಾಲನೊಬ್ಬ ಸಾಮಾನು ತಳ್ಳುವ ಕೈಗಾಡಿ ತಂದು, ಅದರ ಮೇಲೆ ನಮ್ಮ ಹಾಸಿಗೆ ಬಿಚ್ಚಿ ಹಾಸಿ, "ಯಜಮಾನರನ್ನ ಇದರ ಮ್ಯಾಲೆ ಮಲಗಸ್ರೀ, ನಾ ಸಾವಕಾಶ ತಳ್ಳತೇನಿ" ಅಂದ. ತಲೆಯ ಹತ್ತಿರ ಟ್ರಂಕು, ಕಾಲ ಹತ್ತಿರ ಹಣ್ಣಿನ ಬುಟ್ಟಿ, ನಡುವೆ ಅಪ್ಪ. ನಾನು ಪಕ್ಕದಲ್ಲಿ ಕೊಡೆ ಹಿಡಿದು ನಡೆದೆ. ಹಳಿಯ ಅಳತೆ, ಸೇತುವೆಯ ಅಳತೆ ಅಂತಲೇ ಬದುಕಿದ ಮನುಷ್ಯ, ಕಣ್ಣು ಮುಚ್ಚಿಕೊಂಡೇ ಹೇಳಿದರು: "ಕಡೀಕ ನಾನೂ ಸಾಮಾನ ಆದ್ನಲ್ಲೋ."

ಹಮಾಲ ಹೇಳಿದ್ದಕ್ಕಿಂತ ಒಂದು ಪೈಸೆ ಹೆಚ್ಚು ತೆಗೆದುಕೊಳ್ಳಲಿಲ್ಲ. ಅವನ ಬಿಲ್ಲೆಯ ನಂಬರು ಅವತ್ತು ಯಾರೂ ನೋಡಿಕೊಳ್ಳಲಿಲ್ಲ.

ಆಪರೇಶನ್ ಆಗಿ ಅಪ್ಪ ಕೋಲು ಹಿಡಿದು ನಡೆದರು, ಧಾರವಾಡಕ್ಕೂ ಮರಳಿದರು. ಪುಣೆಗೆ ಮತ್ತೆ ಬರಲಿಲ್ಲ. ಕರೆದಾಗಲೆಲ್ಲ "ಮಿರಜದಾಗ ಬದಲಸಬೇಕಲ್ಲ" ಅನ್ನುತ್ತಿದ್ದರು. 1991ರಲ್ಲಿ ತೀರಿಕೊಂಡರು.

1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯೋಜನೆ ಬಂತು. ಆ ದಶಕದ ನಡುವಿನ ಹೊತ್ತಿಗೆ ಮಿರಜದಿಂದ ಲೋಂಡಾ, ಹುಬ್ಬಳ್ಳಿ, ಬೆಂಗಳೂರಿನವರೆಗೆ ದೊಡ್ಡ ಹಳಿ ಆಯಿತು. ಅಂದರೆ ಈಚಿನ ಅರ್ಧಕ್ಕೆ ದೊಡ್ಡ ಹಳಿ ಬರಲು ಸುಮಾರು ಕಾಲು ಶತಮಾನ ಬೇಕಾಯಿತು. ಅಷ್ಟರಲ್ಲಿ ನಮ್ಮವರು ಬಸ್ಸಿಗೆ ಒಗ್ಗಿಹೋಗಿದ್ದರು. ಈಗಲೂ ಪುಣೆಯ ಕನ್ನಡದ ಮನೆಗಳಲ್ಲಿ ಊರಿಗೆ ಹೊರಟರೆ ಮೊದಲು ಬರುವ ಪ್ರಶ್ನೆ "ಯಾವ ಬಸ್ಸು?" ಎಂದೇ. ಪಂಢರಪುರದ ಪುಟಾಣಿ ಹಳಿಯೂ ಆಮೇಲೆ ಎದ್ದು ಹೋಯಿತು.

2024ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿ-ಪುಣೆ ವಂದೇ ಭಾರತ್ ಶುರುವಾದಾಗ ನಾನೂ ಹೆಂಡತಿಯೂ ಒಮ್ಮೆ ಹೋಗಿ ಬಂದೆವು. ಗಾಲಿ ಇರುವ ಚೀಲ, ತಂಪು ಡಬ್ಬಿ. ಮಿರಜ ಬಂದಾಗ ಇಳಿಯಬೇಕಿರಲಿಲ್ಲ, ಆದರೂ ನಾನು ಎದ್ದು ನಿಂತೆ. ಅವಳು ಕಿಟಕಿಯಿಂದ ಕಣ್ಣು ತೆಗೆಯದೆ, "ತಂಬಿಗಿ ಹುಡಕಾಕ ಹೊಂಟೀರೇನು?" ಅಂದಳು.