ನಡುವಟ್ಟಂಗೆ ಬಂದ ಗಾಜಿನ ಪೆಟ್ಟಿಗೆ

ಗುಂಡ್ಲುಪೇಟೆಯಿಂದ ಬಂಡೀಪುರ, ತೆಪ್ಪಕಾಡು ದಾಟಿ, ಗೂಡಲೂರಿನ ಮೇಲೆ ಊಟಿಗೆ ಹೋಗುವ ದಾರಿಯಲ್ಲಿ ನಡುವಟ್ಟಂ ಸಿಗುತ್ತದೆ. ಟೀ ಕುಡಿದು ಮುಂದೆ ಹೋಗುವವರೇ ಹೆಚ್ಚು. ಈಗ ನಗರದ ಹವ್ಯಾಸಿಗಳು ಗಿಡ ನೆಟ್ಟು ಕಪ್ಪೆ ಸಾಕುವ ದೊಡ್ಡ ಗಾಜಿನ ಪೆಟ್ಟಿಗೆ, ಅಂದರೆ ವಿವೇರಿಯಮ್, ಇದೆಯಲ್ಲ, ಅದರ ಪೂರ್ವಜ 160 ವರ್ಷಗಳ ಹಿಂದೆಯೇ ಈ ಬೆಟ್ಟಗಳಿಗೆ ಬಂದಿತ್ತು. ಬಂದದ್ದು ಕಪ್ಪೆಗಾಗಿ ಅಲ್ಲ, ಕ್ವಿನೈನ್ ಗಿಡಕ್ಕಾಗಿ.

ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್‌ಗೆ ಜರೀಗಿಡಗಳ ಹುಚ್ಚು. ಕಲ್ಲಿದ್ದಲ ಹೊಗೆಯಲ್ಲಿ ಅವು ಬದುಕುತ್ತಿರಲಿಲ್ಲ. 1829ರಲ್ಲಿ ಆತ ಪತಂಗದ ಕೋಶವೊಂದನ್ನು ಹಸಿ ಮಣ್ಣಿನೊಂದಿಗೆ ಬಾಟಲಿಯಲ್ಲಿ ಮುಚ್ಚಿಟ್ಟ. ಪತಂಗ ಹೊರಬರುವ ಮೊದಲೇ ಮಣ್ಣಿನಿಂದ ಜರೀಗಿಡವೊಂದು ತಲೆಯೆತ್ತಿತು. ಹಗಲು ಆವಿಯಾದ ನೀರು ಗಾಜಿಗೆ ತಗುಲಿ ಮತ್ತೆ ಮಣ್ಣಿಗಿಳಿಯುತ್ತಿತ್ತು. ಹೊರಗಿನಿಂದ ಹನಿ ನೀರಿಲ್ಲದೆ ಅದು ಹೆಚ್ಚುಕಮ್ಮಿ ನಾಲ್ಕು ವರ್ಷ ಬದುಕಿತು. 1833ರಲ್ಲಿ ಇಂಥದೇ ಪೆಟ್ಟಿಗೆಗಳು ಹಡಗಿನಲ್ಲಿ ಸಿಡ್ನಿಗೆ ಹೋದವು. ಗಿಡಗಳು ಜೀವಂತ ತಲುಪಿದವು.

ಸಾಮ್ರಾಜ್ಯಕ್ಕೆ ಇನ್ನೇನು ಬೇಕು? ಚೀನಾದ ಟೀ ಗಿಡಗಳು ಹಿಮಾಲಯದ ತಪ್ಪಲಿಗೆ ಬಂದವು. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಪೆರುವಿನಿಂದ ಸಿಂಕೋನಾ ಹೊತ್ತು ತಂದ; ಕೆಂಪು ಸಮುದ್ರದ ಸೆಕೆಗೆ ಆ ಗಿಡಗಳು ಬೆಂದುಹೋದವು. ಮರುವರ್ಷ ಈಕ್ವೆಡಾರ್‌ನಿಂದ ರಾಬರ್ಟ್ ಕ್ರಾಸ್ ತಂದವು ಉಳಿದವು. ಊಟಿ ಸಸ್ಯೋದ್ಯಾನದ ಮ್ಯಾಕಐವರ್ ಅವನ್ನು ಹೆಚ್ಚಿಸಿದ. ದೊಡ್ಡಬೆಟ್ಟದಲ್ಲೂ ನಡುವಟ್ಟಂನಲ್ಲೂ ತೋಟಗಳೆದ್ದವು, ಚೀನೀ ಕೈದಿಗಳಿಂದಲೂ ದುಡಿಸಿಕೊಂಡರು. ಕಾಡಂಚಿನ ಊರಿನವನಾಗಿ ಚಳಿಜ್ವರದ ಮದ್ದನ್ನು ನಾನು ಹೀಗಳೆಯಲಾರೆ. ಆದರೆ ತೋಟಕ್ಕಾಗಿ ಶೋಲಾ ಕಾಡು ಬಿತ್ತು.

ಆ ಕಾಡಿನ ಪುಟ್ಟ ಪೊದೆಗಪ್ಪೆಗಳಿಗೆ ಕೆರೆ ಬೇಡ. ಅವುಗಳ ಮೊಟ್ಟೆಯಿಂದ ಗೊದಮೊಟ್ಟೆ ಬರುವುದಿಲ್ಲ, ನೇರ ಮರಿಗಪ್ಪೆಯೇ ಬರುತ್ತದೆ. ಅದಕ್ಕೆ ಎಲೆ ಮತ್ತು ಮಣ್ಣು ಸದಾ ತೇವವಾಗಿರಬೇಕು. ಇವುಗಳ ಕುಲಕ್ಕೆ 2010ರಲ್ಲಿ ಇಟ್ಟ ಹೆಸರು ರಾವೋರ್ಕೆಸ್ಟಿಸ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದು, 1937ರಲ್ಲಿ ದಕ್ಷಿಣದ ಹಲವು ಕಪ್ಪೆಗಳನ್ನು ವಿವರಿಸಿದ ಸಿ.ಆರ್. ನಾರಾಯಣ ರಾವ್ ಅವರ ನೆನಪಿಗೆ. ನಮ್ಮಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು?

ಇವತ್ತಿನ ಪೆಟ್ಟಿಗೆ ಆ ತೇವವನ್ನೇ ನಕಲು ಮಾಡುತ್ತದೆ. ತಳಕ್ಕೆ ಜಲ್ಲಿ, ಮೇಲೆ ಬಲೆ, ಮಣ್ಣು, ಒಣ ಎಲೆ, ಬೂಸ್ಟು ತಿನ್ನುವ ಸ್ಪ್ರಿಂಗ್‌ಟೇಲ್ ಹುಳುಗಳು, ಜರೀಗಿಡ, ದಿನವೂ ನೀರಿನ ಮಂಜು. ವಾರ್ಡ್‌ನ ಬಾಟಲಿಗಿಂತ ಒಂದು ವ್ಯತ್ಯಾಸ: ಗಾಳಿಗೆ ಕಿಂಡಿ ಬೇಕು. ಕಪ್ಪೆ ಚರ್ಮದಿಂದಲೂ ಉಸಿರಾಡುವುದರಿಂದ ಕ್ಲೋರಿನ್ ನೀರು ಆಗದು. ಬೋರ್‌ವೆಲ್‌ನ ಗಡಸು ನೀರು ಗಾಜಿಗೆ ಬಿಳಿ ಪೊರೆ ಕಟ್ಟುತ್ತದೆ. ಹಿಡಿದಿಟ್ಟ ಮಳೆನೀರೇ ವಾಸಿ.

ಪೆಟ್ಟಿಗೆಯಲ್ಲಿ ಕೇಳದೆ ಬರುವ ಪ್ರಯಾಣಿಕರೂ ಇರುತ್ತಾರೆ. ವಾರ್ಡ್ ಪೆಟ್ಟಿಗೆಗಳ ಮಣ್ಣಿನಲ್ಲಿ ಕೀಟ, ರೋಗಗಳು ಖಂಡ ದಾಟಿದವು. ನಮ್ಮ ಕಾಲದಲ್ಲಿ ಜೀವಂತ ಕಪ್ಪೆಗಳ ವ್ಯಾಪಾರದ ಜೊತೆ ಕೈಟ್ರಿಡ್ ಎಂಬ ಶಿಲೀಂಧ್ರ ಹರಡಿತು. 1999ರಲ್ಲಿ ಅದಕ್ಕೆ ಹೆಸರಿಡುವ ಹೊತ್ತಿಗಾಗಲೇ ಆಸ್ಟ್ರೇಲಿಯಾ, ಮಧ್ಯ ಅಮೆರಿಕದ ಹಳ್ಳಗಳಲ್ಲಿ ಕಪ್ಪೆಗಳು ಸತ್ತು ಬಿದ್ದಿದ್ದವು. ಪಶ್ಚಿಮ ಘಟ್ಟದಲ್ಲೂ ಆ ಶಿಲೀಂಧ್ರ ಸಿಕ್ಕಿದೆ.

ಬಂಡೀಪುರದ ಕಾಡಿನಿಂದ ಕಪ್ಪೆ ಎತ್ತಿ ತರುವುದು ಅಪರಾಧ. ಸಾಕಿ ಬೇಸರವಾದದ್ದನ್ನು ಕೆರೆಗೆ ಬಿಡುವುದು ಅದಕ್ಕಿಂತ ಕೆಟ್ಟದ್ದು. ಪೆಟ್ಟಿಗೆ ತೊಳೆದ ನೀರನ್ನೂ ಕಾಲುವೆಗೆ ಸುರಿಯಬಾರದು, ಕುದಿಸಿ ಚೆಲ್ಲಬೇಕು. ಹಳೆಯ ಮಣ್ಣನ್ನು ತಾರಸಿಯ ಮೇಲೆ ತೆಳ್ಳಗೆ ಹರಡಿ ಪೂರ್ತಿ ಒಣಗಿಸಬೇಕು. ಒಣಗಿದರೆ ಕೈಟ್ರಿಡ್ ಉಳಿಯದು, ಗುಂಡ್ಲುಪೇಟೆಯಲ್ಲಿ ಬಿಸಿಲಿಗಂತೂ ಬರವಿಲ್ಲ.