ಹೊಸಬರಿಗೆ ತೆರೆದ ಪ್ರಾರ್ಥನೆ

ಪ್ರತಿಯೊಂದು ಪೂಜಾವಿಧಿಗೂ ತನ್ನದೇ ಆದ ಕ್ರಮವುಂಟು. ಕ್ರಮವನ್ನರಿಯದೆ ಬಂದವನಿಗೆ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂಬುದೇ ಸಂಕೋಚಕ್ಕೆ ಕಾರಣವಾಗುತ್ತದೆ. ಆಂಗ್ಲಿಕನ್ ಸಭೆ ಈ ಸಂಕೋಚವನ್ನು ಕಳೆದ ಬಗೆ ವಿಚಾರಯೋಗ್ಯವಾಗಿದೆ.

1549ರಲ್ಲಿ ಥಾಮಸ್ ಕ್ರಾನ್ಮರನ ನೇತೃತ್ವದಲ್ಲಿ ಲ್ಯಾಟಿನ್ ಪ್ರಾರ್ಥನೆಗಳು ಜನರ ನುಡಿಗಿಳಿದು ಒಂದೇ ಪುಸ್ತಕವಾದವು. ಗುರುವಿನದೊಂದು ಸಾಲು, ಸಭೆಯದೊಂದು ಸಾಲು. ಭಜನೆಯಲ್ಲಿ ಮುಂದಿನವರ ಸೊಲ್ಲನ್ನು ಹಿಂದಿನವರು ಎತ್ತಿಕೊಳ್ಳುವುದನ್ನು ಬಲ್ಲ ನಮ್ಮ ಕಡೇಚೂರಿನ ಸೀಮೆಯವರಿಗೆ ಇದು ತೀರ ಅಪರಿಚಿತವಾದ ರೀತಿಯಲ್ಲ. ಯಾದಗಿರಿ ಕಡೆಯ ಮೆಥಡಿಸ್ಟ್ ಸಭೆಗಳಿಗೂ ಆ ಪುಸ್ತಕದ ನಂಟುಂಟು: ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಆಂಗ್ಲಿಕನ್ ಗುರುವೇ ಆಗಿದ್ದು, 1784ರಲ್ಲಿ ಅದನ್ನು ಸಂಕ್ಷೇಪಿಸಿ ಅಮೆರಿಕದ ಅನುಯಾಯಿಗಳಿಗೆ ಕಳುಹಿಸಿದನು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಅಮೆರಿಕನ್ ಮೂಲದ ಮೆಥಡಿಸ್ಟರು ಹೊರಗುಳಿದರು; ಆಂಗ್ಲಿಕನ್ನರೂ ಬ್ರಿಟಿಷ್ ಮೂಲದ ಮೆಥಡಿಸ್ಟರೂ ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಷನಲ್ ಪಂಥದವರೂ ಒಂದಾದರು. ಪುಸ್ತಕ ಹಿಡಿದು ಪ್ರಾರ್ಥಿಸುವವರ ಪಕ್ಕದಲ್ಲಿ ಮನಸ್ಸಿಗೆ ಬಂದಂತೆ ಪ್ರಾರ್ಥಿಸುವವರು! ಒಬ್ಬರ ಮನೆಯಲ್ಲಿ ಇನ್ನೊಬ್ಬರು ಹೊಸಬರು. ಆದುದರಿಂದ ಯಾರ ಹಳೆಯ ಆರಾಧನಾ ರೀತಿಯನ್ನೂ ನಿಷೇಧಿಸಕೂಡದೆಂದು ಒಪ್ಪಂದವಾಯಿತು. 1950ರಲ್ಲಿ ಸಿದ್ಧವಾದ ಪ್ರಭುಭೋಜನದ ಕ್ರಮದಲ್ಲಿ, ಕೇರಳದ ಸಿರಿಯನ್ ಕ್ರೈಸ್ತರ ಪರಂಪರೆಯಂತೆ, ಶಾಂತಿಯನ್ನು ಕೈಯಿಂದ ಕೈಗೆ ದಾಟಿಸುವ ವಿಧಿ ಸೇರಿತು. ಮುಂದೆ ಹೊರದೇಶಗಳ ಆಂಗ್ಲಿಕನ್ ಸಭೆಗಳೂ ಇಂಥ ವಿಧಿಯನ್ನು ಅಳವಡಿಸಿಕೊಂಡವು.

ಪುಸ್ತಕ ಹೊಸಬನಿಗೆ ಮಾತನ್ನು ಕೊಟ್ಟಿತು. ಆದರೆ ಪುಟವನ್ನು ತೆರೆದು ತೋರಿಸಲು ಪಕ್ಕದವನೇ ಬೇಕು. ದಕ್ಷಿಣ ಭಾರತದ ಸಭೆ ಆ ನೆರೆಯವನ ಕೈಯನ್ನು ಆರಾಧನೆಯ ಅಂಗವನ್ನಾಗಿಯೇ ಮಾಡಿತು.