ಇಂಡಿಯನ್ ಸೂಪರ್ ಲೀಗ್ ಆಟಗಾರರ ಡ್ರಾಫ್ಟ್, 2017

ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಪಂದ್ಯಾವಳಿಯ 2017-18ರ ಋತುವಿಗಾಗಿ ಭಾರತೀಯ ಆಟಗಾರರನ್ನು ತಂಡಗಳಿಗೆ ಹಂಚಿದ ಪ್ರಕ್ರಿಯೆಯಿದು. 2017ರ ಜುಲೈ 23ರಂದು ಮುಂಬಯಿಯಲ್ಲಿ ನಡೆಯಿತು. ಬೆಂಗಳೂರು ಎಫ್‌ಸಿ ಮತ್ತು ಜಮ್ಶೆಡ್‌ಪುರ ಎಫ್‌ಸಿ ಸೇರ್ಪಡೆಯಿಂದ ತಂಡಗಳ ಸಂಖ್ಯೆ 8ರಿಂದ 10ಕ್ಕೇರಿತ್ತು.

ವಿಧಾನ
ಇದು ಹರಾಜಲ್ಲ, ಆಟಗಾರರ ಸಂಭಾವನೆ ಮೊದಲೇ ನಿಗದಿಯಾಗಿದ್ದು, ತಂಡಗಳು ಸರದಿಯಂತೆ ಆಯ್ಕೆ ಮಾಡುತ್ತಿದ್ದವು. ಪ್ರತಿ ತಂಡವೂ ಇಬ್ಬರು ಹಿರಿಯ ಆಟಗಾರರನ್ನು ಉಳಿಸಿಕೊಳ್ಳಬಹುದಿತ್ತು. ಯಾರನ್ನೂ ಉಳಿಸಿಕೊಳ್ಳದ ತಂಡಗಳಿಗೆ ಆರಂಭಿಕ ಸುತ್ತುಗಳಲ್ಲಿ ಅವಕಾಶ ದೊರೆಯಿತು.

ಮೊದಲ ಆಯ್ಕೆ
ಜಮ್ಶೆಡ್‌ಪುರವು ಮೊದಲ ಆಯ್ಕೆಯಲ್ಲಿ ರಕ್ಷಣಾ ಆಟಗಾರ ಅನಸ್ ಎಡತೊಡಿಕ ಅವರನ್ನು 1.10 ಕೋಟಿ ರೂಪಾಯಿಗೆ ಪಡೆಯಿತು. ತಂಡ ಐದನೆಯ ಸ್ಥಾನ ಗಳಿಸಿ ಪ್ಲೇಆಫ್‌ನಿಂದ ಹೊರಗುಳಿಯಿತು. ಮರುವರ್ಷ ಅನಸ್ ಕೇರಳ ಬ್ಲಾಸ್ಟರ್ಸ್ ಸೇರಿದರು.

ಬೆಂಗಳೂರಿನ ಆಯ್ಕೆ
ಸುನಿಲ್ ಛೇಟ್ರಿ ಮತ್ತು ಉದಾಂತ ಸಿಂಗ್ ಅವರನ್ನು ಉಳಿಸಿಕೊಂಡಿದ್ದ ಬೆಂಗಳೂರು ಆರಂಭಿಕ ಸರದಿಯನ್ನು ಬಿಟ್ಟುಕೊಡಬೇಕಾಯಿತು. ಅನಂತರ ಅದು ಆರಿಸಿದವರಲ್ಲಿ ರಾಹುಲ್ ಭೇಕೆ ಒಬ್ಬರು. ತಂಡ ಮೊದಲ ಋತುವಿನಲ್ಲೇ ಫೈನಲ್ ತಲುಪಿ ಚೆನ್ನೈಯಿನ್‌ಗೆ 2-3ರಿಂದ ಸೋತಿತು. 2019ರ ಮಾರ್ಚ್ 17ರಂದು ಗೋವಾ ವಿರುದ್ಧದ ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಭೇಕೆ ಹೊಡೆದ ಏಕೈಕ ಗೋಲಿನಿಂದ ಬೆಂಗಳೂರು ಪ್ರಶಸ್ತಿ ಗೆದ್ದಿತು. ಮೊದಲ ಸರದಿಯಷ್ಟೇ ಮಹತ್ವ ನಂತರದ ಸುತ್ತುಗಳ ಆಯ್ಕೆಗೂ ಇದೆಯೆಂಬುದಕ್ಕೆ ಇದು ನಿದರ್ಶನ.